ಒಂದೇ ಎಲೆಯ ಮಾನ್‌ಸ್ಟೆರಾಗೆ 3,500 ರೂಪಾಯಿ. ತಗೊಳ್ಳಬಹುದಾ?

ಮಹಡಿತೋಟ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನಮ್ಮ ಮಹಡಿಯಲ್ಲಿ ದಾಸವಾಳ, ಸೇವಂತಿಗೆ, ಕ್ರೋಟನ್, ಮನಿಪ್ಲಾಂಟ್ ಎಲ್ಲ ಇವೆ. ಚೆನ್ನಾಗಿಯೇ ಬೆಳೆಯುತ್ತಿವೆ. ಈಗ ಬೀದಿಯಲ್ಲಿ ಯಾರ ಮನೆಯಲ್ಲೂ ಇಲ್ಲದ್ದು ಒಂದಾದರೂ ಇರಲಿ ಅಂತ ಆಸೆ ಶುರುವಾಗಿದೆ. ಮೂರು ಗಿಡ ನೋಡಿಟ್ಟಿದ್ದೇನೆ.

ಮೊದಲನೆಯದು ಬಿಳಿ ಬಣ್ಣ ಬೆರೆತ ಮಾನ್‌ಸ್ಟೆರಾ (ದೊಡ್ಡ ಸೀಳು ಎಲೆಯ ಅಲಂಕಾರಿಕ ಗಿಡ), ‘ಆಲ್ಬೋ’ ಅಂತಾರೆ. ಪೂರ್ತಿ ಗಿಡ ಅಲ್ಲ, ಒಂದು ಎಲೆ, ಒಂದು ಗಿಣ್ಣು ಇರುವ ತುಂಡು. ಆನ್‌ಲೈನ್‌ನಲ್ಲಿ 3,500. ಇನ್ನೊಂದು ‘ಪಿಂಕ್ ಕಾಂಗೋ’ ಫಿಲೊಡೆಂಡ್ರಾನ್, 900. ಮತ್ತೊಂದು ನೀಲಿ ಹೈಡ್ರೇಂಜಿಯಾ, ಹೂವಿನ ಸಮೇತ 450. ಇದು ಮಾತ್ರ ಇಲ್ಲೇ ನರ್ಸರಿಯಲ್ಲಿ ಇದೆ. ಅದೇ ನರ್ಸರಿಯಲ್ಲಿ ಮಾಮೂಲಿ ಹಸಿರು ಮಾನ್‌ಸ್ಟೆರಾ 250ಕ್ಕೆ ಸಿಗುತ್ತದೆ. ಅದನ್ನು ನೋಡಿ ನಮ್ಮ ಮನೆಯವರು “ಬಿಳಿ ಬಣ್ಣಕ್ಕೇ 3,250 ಕೊಡ್ತೀಯಾ?” ಅಂತ ನಗುತ್ತಿದ್ದಾರೆ.

ಶೇಡ್ ನೆಟ್ ಇದೆ. ಬೋರ್‌ವೆಲ್ ನೀರು. ಬೇಸಿಗೆ ಹೇಗಿರುತ್ತದೆ ಅಂತ ನಿಮಗೆ ಗೊತ್ತೇ ಇದೆ. ಯಾವುದು ತಗೊಳ್ಳಲಿ, ಯಾವುದು ಬಿಡಲಿ?

ಎಲೆಮರೆ (ಬೆಂಗಳೂರು)

ಪಿಂಕ್ ಕಾಂಗೋ ಬೇಡ ಮೇಡಂ. ಉಳಿದದ್ದು ಆಮೇಲೆ ಮಾತಾಡೋಣ.

ಆ ಗುಲಾಬಿ ಬಣ್ಣ ಗಿಡದ್ದೇ ಅಲ್ಲ. ಬೆಳೆಸುವ ಕಡೆ ರಾಸಾಯನಿಕ ಕೊಟ್ಟು, ಹೊಸ ಎಲೆಗಳಲ್ಲಿ ಹಸಿರು ಬರದ ಹಾಗೆ ಮಾಡಿರುತ್ತಾರೆ. ಅದು ಆರು ತಿಂಗಳು, ಹೆಚ್ಚೆಂದರೆ ಒಂದು ವರ್ಷ. ಆಮೇಲೆ ಬರುವ ಚಿಗುರೆಲ್ಲ ಹಸಿರು. ಗಿಡ ಸಾಯುವುದಿಲ್ಲ, ಒಳ್ಳೆ ಹಸಿರು ಫಿಲೊಡೆಂಡ್ರಾನ್ ಆಗಿ ಬದುಕುತ್ತದೆ. ಆದರೆ ನೀವು 900 ಕೊಟ್ಟಿದ್ದು ಅದಕ್ಕಲ್ಲ ಅಲ್ವಾ?

‘ಪಿಂಕ್ ಪ್ರಿನ್ಸೆಸ್’ ಅಂತ ಇನ್ನೊಂದಿದೆ, ಅದು ಬೇರೆ. ಅದರ ಗುಲಾಬಿ ಗಿಡದೊಳಗಿನದೇ. ಗುರುತು ಸುಲಭ. ಪ್ರಿನ್ಸೆಸ್‌ನಲ್ಲಿ ಎಲೆ ಕಡು ಹಸಿರು ಅಥವಾ ಕಪ್ಪಿನ ಹತ್ತಿರ ಇರುತ್ತದೆ, ಅದರ ಮೇಲೆ ಅಲ್ಲಲ್ಲಿ ಗುಲಾಬಿ ತೇಪೆ. ಕಾಂಗೋದಲ್ಲಿ ಮೇಲಿನ ಎಲೆಗಳು ಇಡೀ ಗುಲಾಬಿ. ಎರಡು ಹೆಸರನ್ನೂ ಅದಲು ಬದಲು ಮಾಡಿ ಮಾರುವವರಿದ್ದಾರೆ. ಹೆಸರು ನೋಡಬೇಡಿ, ಎಲೆ ನೋಡಿ.

ಗಿಣ್ಣು (ನರ್ಸರಿ ಕೆಲಸ, ಬೆಂಗಳೂರು)

ನಾನು ದಿನವೂ ಇದೇ ಗಿಡಗಳ ಮಧ್ಯೆ ಇರುವವನು. ಮಾನ್‌ಸ್ಟೆರಾ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಆಲ್ಬೋದಲ್ಲಿ ಎರಡು ತರಹದ ಜೀವಕೋಶ ಒಂದೇ ಗಿಡದಲ್ಲಿ ಇರುತ್ತವೆ. ಕೆಲವು ಹಸಿರು ಮಾಡುತ್ತವೆ, ಕೆಲವು ಮಾಡುವುದಿಲ್ಲ. ಇದಕ್ಕೆ ಕೈಮೀರಾ ಅಂತಾರೆ. ಎರಡೂ ಎಲ್ಲಿ ಹೇಗೆ ಬೆರೆತಿವೆ ಅನ್ನುವುದರ ಮೇಲೆ ಮುಂದಿನ ಎಲೆ ನಿಂತಿದೆ. ನಿಮಗೆ ತೋರಿಸುವ ಎಲೆ ಅರ್ಧ ಬಿಳಿ, ಅರ್ಧ ಹಸಿರು ಇದ್ದು ಫೋಟೋದಲ್ಲಿ ಮುದ್ದಾಗಿ ಕಾಣುತ್ತದೆ. ಆದರೆ ಹೊಸ ಚಿಗುರು ಆ ಎಲೆಯಿಂದ ಬರುವುದಿಲ್ಲ, ಗಿಣ್ಣಿನಲ್ಲಿರುವ ಮೊಗ್ಗಿನಿಂದ ಬರುತ್ತದೆ. ಆ ಮೊಗ್ಗು ಕಾಂಡದ ಹಸಿರು ಭಾಗದಲ್ಲಿ ಕೂತಿದ್ದರೆ ಮುಂದೆ ಬರುವುದು ಹಸಿರು ಮಾನ್‌ಸ್ಟೆರಾ. ಬರೀ ಬಿಳಿ ಭಾಗದಲ್ಲಿದ್ದರೆ ಇನ್ನೂ ಕಷ್ಟ. ಚಿಗುರು ಪೂರ್ತಿ ಬಿಳಿ ಬರುತ್ತದೆ. ಬಿಳಿ ಎಲೆಗೆ ಆಹಾರ ತಯಾರಿಸಲು ಬರುವುದಿಲ್ಲ. ಹಳೆಯ ಎಲೆ ಸಾಕುವಷ್ಟು ದಿನ ಸಾಕುತ್ತದೆ, ಆಮೇಲೆ ಕಂದು ಬಣ್ಣಕ್ಕೆ ತಿರುಗಿ ಹೋಗುತ್ತದೆ.

ಹಾಗಾಗಿ ಮಾರುವವರ ಹತ್ತಿರ ಎಲೆಯ ಫೋಟೋ ಕೇಳಬೇಡಿ, ಕಾಂಡದ ಫೋಟೋ ಕೇಳಿ. ಮೊಗ್ಗಿನ ಹತ್ತಿರ ಬಿಳಿ, ಹಸಿರು ಗೆರೆಗಳು ಪಕ್ಕಪಕ್ಕ ಓಡಿರಬೇಕು. ಬೇರು ಬಂದಿದೆಯಾ ಅಂತಲೂ ನೋಡಿ. ಬೇರಿಲ್ಲದ ತುಂಡು ದಾರಿಯಲ್ಲಿ ಪಾರ್ಸೆಲ್ ಒಳಗೆ ಬೆಂದರೆ ಹೋಯಿತು. ಏಪ್ರಿಲ್, ಮೇ ತಿಂಗಳಲ್ಲಂತೂ ತರಿಸಬೇಡಿ.

ಆಲ್ಬೋ ಬದಲು ‘ಥಾಯ್ ಕಾನ್‌ಸ್ಟೆಲೇಷನ್’ ಸಿಗುತ್ತದಾ ನೋಡಿ. ಅದು ಥಾಯ್ಲೆಂಡಿನ ಲ್ಯಾಬ್‌ನಲ್ಲಿ ಟಿಶ್ಯೂ ಕಲ್ಚರ್‌ನಿಂದ, ಅಂದರೆ ಗಿಡದ ಸಣ್ಣ ಚೂರಿನಿಂದ ಬೆಳೆಸಿ, ಬಂದದ್ದು. ಬಿಳಿಯ ಬದಲು ಕೆನೆಬಣ್ಣ, ಎಲೆ ತುಂಬ ಚುಕ್ಕೆ ಎರಚಿದ ಹಾಗೆ. ಬಣ್ಣ ಗಿಡದುದ್ದಕ್ಕೂ ಇರುವುದರಿಂದ ಪೂರ್ತಿ ಹಸಿರಿಗೆ ತಿರುಗುವುದು ತೀರಾ ಕಡಿಮೆ.

ಕಾವೇರಿಕಣಿವೆ (ಮಡಿಕೇರಿ)

ಹೈಡ್ರೇಂಜಿಯಾ ಬಗ್ಗೆ ನಾನು ಹೇಳುತ್ತೇನೆ. ನಮ್ಮಲ್ಲಿ ಬೇಲಿ ಪಕ್ಕ ಸುಮ್ನೆ ಬಿದ್ದಿರುತ್ತದೆ, ಯಾರೂ ಗೊಬ್ಬರವನ್ನೂ ಹಾಕುವುದಿಲ್ಲ, ಆಕಾಶ ನೀಲಿ ಹೂ ಬಿಡುತ್ತದೆ. ಯಾಕೆ ಅಂದರೆ ನಮ್ಮ ಮಣ್ಣು ಹುಳಿ. ಹುಳಿ ಮಣ್ಣಿನಲ್ಲಿ ಅಲ್ಯೂಮಿನಿಯಂ ಕರಗಿ ಗಿಡಕ್ಕೆ ಸಿಗುತ್ತದೆ, ಹೂ ನೀಲಿ ಆಗುತ್ತದೆ. ಸುಣ್ಣದ ಅಂಶ ಇರುವ ಮಣ್ಣಿನಲ್ಲಿ ಅದೇ ಗಿಡ ಗುಲಾಬಿ ಹೂ ಬಿಡುತ್ತದೆ.

ನಿಮ್ಮ ಬೋರ್‌ವೆಲ್ ನೀರು ಗಡಸು ಇದ್ದರೆ (ಬಕೆಟ್ ಅಂಚಿನಲ್ಲಿ ಬಿಳಿ ಪುಡಿ ಕಟ್ಟುತ್ತದೆಯಾ?) ಆ ನೀಲಿ ಮುಂದಿನ ಸಲ ಗುಲಾಬಿಯೋ, ಮಾಸಿದ ನೇರಳೆಯೋ ಆಗುತ್ತದೆ. ಮಳೆನೀರು ಹಿಡಿದಿಟ್ಟು ಹಾಕಿ, ಸ್ವಲ್ಪ ಪಟಿಕ ಕರಗಿಸಿ ಹಾಕಿ ನೀಲಿ ಉಳಿಸಿಕೊಳ್ಳುವವರಿದ್ದಾರೆ. ಬಿಳಿ ಹೂವಿನ ತಳಿಗೆ ಈ ಆಟ ನಡೆಯುವುದಿಲ್ಲ. ಆದರೆ ಬಣ್ಣಕ್ಕಿಂತ ಮೊದಲು ಗಿಡ ಉಳಿಯಬೇಕಲ್ಲ. ಅದಕ್ಕೆ ತಂಪು ಬೇಕು. ದಾವಣಗೆರೆ ಮಹಡಿ ಮೇಲೆ ಮೇ ತಿಂಗಳಲ್ಲಿ ಮಧ್ಯಾಹ್ನವೇ ಎಲೆ ಜೋತು ಬೀಳುತ್ತದೆ. 450 ಕೊಟ್ಟು ದಿನಾ ಅದರ ಮುಖ ನೋಡಿ ಮರುಗಬೇಕಾ?

ಬಿಸಿಲೂರು (ರಾಯಚೂರು)

ಕಾವೇರಿಕಣಿವೆ ಅಕ್ಕ ಹೇಳಿದ್ದು ಸರಿ. ನಮ್ಮ ಕಡೆಯ ಬಿಸಿಲಿಗೆ ಅಂಥವು ಆಗಿ ಬರುವುದಿಲ್ಲ.

ಆದರೆ ಒಂದು ಮಾತು. ಅಪರೂಪ ಅಂದರೆ ಕಾಡಿನ ನೆರಳಿನಿಂದ ಬಂದ ದೊಡ್ಡ ಎಲೆಯ ಗಿಡವೇ ಆಗಬೇಕು ಅಂತ ಯಾರು ಹೇಳಿದ್ದು? ಇನ್‌ಸ್ಟಾಗ್ರಾಂ ತುಂಬ ಅವೇ ಇವೆ ಅಂತ ನಾವೂ ಅದನ್ನೇ ಹುಡುಕುತ್ತೇವೆ. ನನ್ನ ಗೇಟಿನ ಮೇಲೆ ‘ಮೇರಿ ಪಾಮರ್’ ಕಾಗದದ ಹೂ ಇದೆ. ಒಂದೇ ಗಿಡದಲ್ಲಿ ಬಿಳಿಯೂ ಬಿಡುತ್ತದೆ, ಕಡು ಗುಲಾಬಿಯೂ ಬಿಡುತ್ತದೆ. ಕೆಲವು ಗೊಂಚಲಲ್ಲಿ ಎರಡೂ ಒಟ್ಟಿಗೆ. ಕೋಲ್ಕತ್ತದಲ್ಲಿ ಹುಟ್ಟಿದ ತಳಿ. ‘ತಿಮ್ಮ’ ಅಂತ ಇನ್ನೊಂದಿದೆ, ಹೂವು ಹಾಗೆಯೇ ಎರಡು ಬಣ್ಣ, ಜೊತೆಗೆ ಎಲೆಯ ನಡುವೆ ಹಳದಿ. ನಲವತ್ತು ಡಿಗ್ರಿಯಲ್ಲೂ ನಗುತ್ತಾ ನಿಂತಿರುತ್ತವೆ. ದಾರಿಯಲ್ಲಿ ಹೋಗುವವರು ನಿಂತು ಕೇಳುತ್ತಾರೆ. ನಿಮ್ಮ ಮಾನ್‌ಸ್ಟೆರಾ ಬೆಲೆಯಲ್ಲಿ ಕಾಂಪೌಂಡ್ ಪೂರ್ತಿ ಹಾಕಬಹುದು.

ಗಿಣ್ಣು (ನರ್ಸರಿ ಕೆಲಸ, ಬೆಂಗಳೂರು)

ಬಿಸಿಲೂರು ಅಣ್ಣಾ, ಮೇರಿ ಪಾಮರ್ ಕೂಡ ಕೈಮೀರಾನೇ! ಅದರಲ್ಲೂ ಒಮ್ಮೊಮ್ಮೆ ಒಂದು ಕೊಂಬೆ ಪೂರ್ತಿ ಗುಲಾಬಿಗೆ ಹೋಗಿಬಿಡುತ್ತದೆ. ಕಟಿಂಗ್ ತೆಗೆಯುವಾಗ ಎರಡೂ ಬಣ್ಣ ಇರುವ ಕೊಂಬೆ ಆರಿಸಬೇಕು. ವಿಷಯ ಒಂದೇ, ಬೆಲೆ ಮಾತ್ರ ಬೇರೆ.

ತುಂಬೆಹೂ (ಹುಬ್ಬಳ್ಳಿ)

ಎಲ್ಲರೂ ಬೇಡ ಬೇಡ ಅಂತಲೇ ಹೇಳುತ್ತಿದ್ದೀರಿ. ಸ್ವಲ್ಪ ಬೇರೆ ಮಾತು ಹೇಳಲಾ? 3,500ಕ್ಕೆ ಒಂದು ಸೀರೆ ತಗೊಂಡರೆ ಯಾರೂ ಲೆಕ್ಕ ಕೇಳುವುದಿಲ್ಲ, ಅದನ್ನು ಉಡುವುದು ವರ್ಷಕ್ಕೆ ಎರಡು ಸಲ. ಗಿಡವನ್ನು ದಿನಾ ಬೆಳಗ್ಗೆ ನೋಡುತ್ತೇವೆ. ಹೊಸ ಎಲೆ ಸುರುಳಿ ಬಿಚ್ಚುವಾಗ ಯಾವ ಮಾದರಿಯಲ್ಲಿ ಬಣ್ಣ ಬರುತ್ತದೋ ಅಂತ ಕಾಯುವುದೇ ಒಂದು ಖುಷಿ. ಆ ಅನಿಶ್ಚಿತತೆಗೇ ಜನ ದುಡ್ಡು ಕೊಡುವುದು. ಮಾರಿ ಲಾಭ ಮಾಡುತ್ತೇನೆ ಅಂತ ಕೊಂಡರೆ ಮಾತ್ರ ಯೋಚನೆ ಮಾಡಬೇಕು.

ದೂರದೂರು (ನ್ಯೂಜೆರ್ಸಿ)

ತುಂಬೆಹೂ ಮೇಡಂ ಕೊನೆಯ ಸಾಲಿಗೆ ನನ್ನದೊಂದು. ಲಾಭದ ಆಸೆಗೆ ಕೊಳ್ಳಲೇಬೇಡಿ. ಕೊರೊನಾ ಸಮಯದಲ್ಲಿ ಎಲ್ಲರೂ ಮನೆಯಲ್ಲಿ ಕೂತಿದ್ದಾಗ ಈ ಬೆಲೆಗಳು ಹುಚ್ಚು ಹಿಡಿದವು. 2021ರಲ್ಲಿ ನ್ಯೂಜಿಲೆಂಡ್‌ನಲ್ಲಿ ಬಿಳಿ ಬಣ್ಣ ಬೆರೆತ ರಾಫಿಡೊಫೊರಾ ಟೆಟ್ರಾಸ್ಪರ್ಮಾ ಅನ್ನುವ ಒಂದು ಗಿಡ ಆನ್‌ಲೈನ್ ಹರಾಜಿನಲ್ಲಿ 27,100 ನ್ಯೂಜಿಲೆಂಡ್ ಡಾಲರ್‌ಗೆ ಹೋಯಿತು. ಕುಂಡದಲ್ಲಿದ್ದದ್ದು ಬೆರಳೆಣಿಕೆಯ ಎಲೆ.

ಅದೇ ಕಾಲದಲ್ಲಿ ಇಲ್ಲಿ ಅಮೆರಿಕದಲ್ಲಿ ಥಾಯ್ ಕಾನ್‌ಸ್ಟೆಲೇಷನ್‌ಗೆ ನೂರಾರು ಡಾಲರ್ ಕೇಳುತ್ತಿದ್ದರು. 2024ರಲ್ಲಿ ಫ್ಲಾರಿಡಾದ ಕೋಸ್ಟಾ ಫಾರ್ಮ್ಸ್ ಟಿಶ್ಯೂ ಕಲ್ಚರ್ ಗಿಡಗಳನ್ನು ದೊಡ್ಡ ಪ್ರಮಾಣದಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಈಗ ತರಕಾರಿ ತರಲು ಹೋದ ಅಂಗಡಿಯಲ್ಲೇ ಐವತ್ತು ಡಾಲರ್ ಒಳಗೆ ಸಿಗುತ್ತದೆ. ಲ್ಯಾಬ್‌ನಲ್ಲಿ ಬೆಳೆಯುವ ಗಿಡ ಯಾವುದೇ ಇರಲಿ, ಇವತ್ತಿನ ಬೆಲೆ ನಾಳೆ ಇರುವುದಿಲ್ಲ. ಕಾಯುವ ತಾಳ್ಮೆ ಇದ್ದರೆ ಕಾಯಿರಿ. ಭಾರತದಲ್ಲೂ ಅಗ್ಲೊನೀಮಾಗೆ ಆಗಿದ್ದು ಅದೇ ಅಲ್ವಾ?

ಎಲೆಮರೆ (ಬೆಂಗಳೂರು)

ಹೌದು, ಕೆಂಪು ಎಲೆಯ ಅಗ್ಲೊನೀಮಾ ಮೊದಲು ಬಂದಾಗ ಬೆಲೆ ಕೇಳಿ ಜನ ಮುಟ್ಟಲೂ ಹೆದರುತ್ತಿದ್ದರು. ಈಗ ಆಫೀಸಿನ ರಿಸೆಪ್ಷನ್ ಮೇಜಿನ ಮೇಲೆಲ್ಲ ಅದೇ.

ಹಳೇಪಾಠ (ಮೈಸೂರು, ನಿವೃತ್ತ ಜೀವಶಾಸ್ತ್ರ ಮೇಷ್ಟ್ರು)

ಈ ಹುಚ್ಚು ಹೊಸದಲ್ಲ. ಹಾಲೆಂಡಿನಲ್ಲಿ ಟುಲಿಪ್ ಗೆಡ್ಡೆಗಳಿಗೆ ಇದೇ ತರಹ ಬೆಲೆ ಏರಿ 1637ರ ಫೆಬ್ರವರಿಯಲ್ಲಿ ಕುಸಿಯಿತು. ಎಲ್ಲಕ್ಕಿಂತ ಜಾಸ್ತಿ ಬೆಲೆ ಇದ್ದದ್ದು ಬೆಂಕಿಯ ನಾಲಿಗೆ ಹಾಗೆ ಪಟ್ಟೆ ಇದ್ದ ಹೂಗಳಿಗೆ. ಆ ಪಟ್ಟೆ ಬಂದದ್ದು ನಂಜುರೋಗದಿಂದ! ಗಿಡಹೇನು ಹರಡುವ ವೈರಸ್. ಇಂಗ್ಲೆಂಡಿನ ವಿಜ್ಞಾನಿ ಡೊರೊತಿ ಕೇಲಿ 1928ರಲ್ಲಿ ಗೆಡ್ಡೆಯಿಂದ ಗೆಡ್ಡೆಗೆ ಕಸಿ ಮಾಡಿ ಇದು ಅಂಟುವ ರೋಗ ಅಂತ ತೋರಿಸಿದರು. ರೋಗ ಇದ್ದದ್ದರಿಂದ ಗೆಡ್ಡೆ ವರ್ಷದಿಂದ ವರ್ಷಕ್ಕೆ ಸೊರಗುತ್ತಿತ್ತು, ಮರಿಗೆಡ್ಡೆ ಕಡಿಮೆ. ಅದಕ್ಕೇ ಅಪರೂಪ, ಅದಕ್ಕೇ ದುಬಾರಿ.

ಈಗಲೂ ಅಬುಟಿಲಾನ್ ಗಿಡದ ಕೆಲವು ತಳಿಗಳಲ್ಲಿ ಕಾಣುವ ಹಳದಿ ಚಿತ್ತಾರ ವೈರಸ್‌ನದೇ. ಹಾಗಾಗಿ ಯಾರಾದರೂ ‘ಹೊಸ ವೇರಿಗೇಟೆಡ್ (ಎಲೆಯಲ್ಲಿ ಬೇರೆ ಬಣ್ಣ ಬೆರೆತ) ದಾಸವಾಳ’ ಅಂತ ತಂದರೆ ಎಲೆಯನ್ನು ಹತ್ತಿರದಿಂದ ನೋಡಿ. ಬಣ್ಣ ಚೂಪಾದ ಅಂಚಿನಿಂದ ಬೇರೆಯಾಗಿದ್ದು, ಎಲೆ ಆರೋಗ್ಯವಾಗಿದ್ದರೆ ಪರವಾಗಿಲ್ಲ. ಎಲೆ ಮುದುಡಿ, ಬಣ್ಣ ಕಲಸಿದ ಹಾಗಿದ್ದು, ನರದ ಸುತ್ತ ಹಳದಿಯಾಗಿದ್ದರೆ ಅದು ರೋಗವೋ ಗೊಬ್ಬರದ ಕೊರತೆಯೋ ಇರಬಹುದು. ಅದನ್ನು ತಂದು ಉಳಿದ ಗಿಡಗಳ ಪಕ್ಕ ಇಡಬೇಡಿ.

ಮಹಡಿತೋಟ (ದಾವಣಗೆರೆ)

ಇಷ್ಟೊಂದು ವಿಷಯ ಇದೆ ಅಂತ ಗೊತ್ತೇ ಇರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್. ಪಿಂಕ್ ಕಾಂಗೋ ಬಿಟ್ಟೆ. ಹೈಡ್ರೇಂಜಿಯಾ ಬಗ್ಗೆ ಚಿಕ್ಕಮಗಳೂರಿನ ತಂಗಿಗೆ ಹೇಳಿದೆ, ಅವಳು ತಗೊಳ್ಳುತ್ತಾಳಂತೆ.

ಮಾನ್‌ಸ್ಟೆರಾ ಮಾರುವವರಿಗೆ ಕಾಂಡದ ಫೋಟೋ ಕೇಳಿದೆ. “ಮೇಡಂ, ಫೋಟೋದಲ್ಲಿ ಇರುವಂಥದ್ದೇ ಕಳಿಸ್ತೀವಿ” ಅಂತ ಉತ್ತರ ಬಂತು. ಅದೇ ಗಿಡ ಅಲ್ಲವಂತೆ, ಅಂಥದ್ದು! ಬಿಟ್ಟುಬಿಡಲಾ?

ಇನ್ನೊಂದು ಪ್ರಶ್ನೆ. ನಮ್ಮ ಸ್ನೇಕ್ ಪ್ಲಾಂಟ್ ಎಲೆಯ ಅಂಚಿಗೆ ಹಳದಿ ಪಟ್ಟೆ ಇದೆ. ಎಲೆ ಕತ್ತರಿಸಿ ನೆಟ್ಟರೆ ಬಂದ ಮರಿಗಳೆಲ್ಲ ಬರೀ ಹಸಿರು. ಇದೂ ಅದೇ ಕಥೆಯಾ?

ಗಿಣ್ಣು (ನರ್ಸರಿ ಕೆಲಸ, ಬೆಂಗಳೂರು)

ಅದೇ ಕಥೆ. ನಿಮ್ಮದು ‘ಲಾರೆಂಟಿ’ ತಳಿ. ಹಳದಿ ಅಂಚು ಹೊರಪದರದ ಜೀವಕೋಶಗಳಿಂದ ಬರುತ್ತದೆ, ಎಲೆ ತುಂಡಿನಿಂದ ಹುಟ್ಟುವ ಮರಿ ಒಳಗಿನ ಹಸಿರು ಜೀವಕೋಶಗಳಿಂದ ಬರುತ್ತದೆ. ಬುಡದಿಂದ ಗೆಡ್ಡೆ ಸಮೇತ ಮರಿ ಬಿಡಿಸಿ ನೆಟ್ಟರೆ ಹಳದಿ ಉಳಿಯುತ್ತದೆ. ನೋಡಿ, ಕೈಮೀರಾ ಪಾಠ ನಿಮ್ಮ ಮನೆಯಲ್ಲೇ ಪುಕ್ಕಟೆ ಸಿಕ್ಕಿತು.

ಮಾರುವವರ ವಿಷಯಕ್ಕೆ ಬಂದರೆ, ಬಿಟ್ಟುಬಿಡಿ. ಮಾಮೂಲಿ ಗಿಡಕ್ಕೆ ‘ಇಂಥದ್ದೇ’ ಸಾಕು. ಕೈಮೀರಾದಲ್ಲಿ ಪ್ರತಿ ತುಂಡೂ ಬೇರೆ. ನಿಮಗೆ ಬರುವ ಗಿಡದ್ದೇ ಫೋಟೋ ಬೇಕು.

ಕಡಲಮಲ್ಲಿಗೆ (ಉಡುಪಿ)

‘ಇಂಪೋರ್ಟೆಡ್’ ಅಂತ ಹೇಳಿ ಮಾರುವವರ ಬಗ್ಗೆಯೂ ಎಚ್ಚರ. ಹೊರದೇಶದಿಂದ ಗಿಡ ತರಲು 2003ರ ಪ್ಲಾಂಟ್ ಕ್ವಾರಂಟೈನ್ ಆದೇಶದ ಪ್ರಕಾರ ಆಮದು ಪರವಾನಗಿ ಬೇಕು, ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಪಾರ್ಸೆಲ್‌ನಲ್ಲಿ ಗುಟ್ಟಾಗಿ ಬಂದ ಗಿಡದ ಜೊತೆ ಏನೇನು ಹುಳ ಬಂದಿದೆಯೋ ಯಾರಿಗೆ ಗೊತ್ತು. ನಮ್ಮಲ್ಲಿ ಮಳೆಗಾಲದ ತೇವಕ್ಕೆ ಹಿಟ್ಟುತಿಗಣೆ ಒಂದು ಕುಂಡದಿಂದ ಇನ್ನೊಂದಕ್ಕೆ ಹೋಗಲು ಹೇಳಿಕೊಡಬೇಕಾಗಿಲ್ಲ. ನನಗೆ ಮಲ್ಲಿಗೆ ಗಿಡಗಳಿವೆ, ಭಯ ನನಗೆ.

ಇನ್ನೊಂದು. ಕರಾವಳಿಯವರಿಗೆ ಬಣ್ಣದ ಎಲೆಯ ಕೆಲಾಡಿಯಂ ಚೆನ್ನಾಗಿ ಆಗುತ್ತದೆ. ಆದರೆ ಚಳಿಗಾಲ ಬಂದ ಕೂಡಲೇ ಎಲೆ ಎಲ್ಲ ಒಣಗಿ ಕುಂಡ ಖಾಲಿ. ಥಾಯ್ ತಳಿಗಳಿಗೆ ಸಾವಿರಗಟ್ಟಲೆ ಕೊಟ್ಟವರು ಸತ್ತೇ ಹೋಯಿತು ಅಂತ ಕುಂಡ ಬೋರಲು ಹಾಕುತ್ತಾರೆ. ಗೆಡ್ಡೆ ಒಳಗೆ ಮಲಗಿರುತ್ತದೆ. ನೀರು ನಿಲ್ಲಿಸಿ ಹಾಗೇ ಇಟ್ಟರೆ ಬೇಸಿಗೆ ಮಳೆಗೆ ಎದ್ದು ಬರುತ್ತದೆ. ವರ್ಷದಲ್ಲಿ ಮೂರು ನಾಲ್ಕು ತಿಂಗಳು ಖಾಲಿ ಕುಂಡ ನೋಡಲು ಮನಸ್ಸಿದ್ದರೆ ಮಾತ್ರ ತಗೊಳ್ಳಿ.

ಕಳ್ಳಿಸಾಲು (ವಿಜಯಪುರ)

ನೀಲಿ ಗುಲಾಬಿ ಬೀಜ, ಏಳು ಬಣ್ಣದ ಗುಲಾಬಿ ಬೀಜ ಅಂತ 99 ರೂಪಾಯಿಗೆ ಬರುತ್ತದಲ್ಲ, ಅದನ್ನು ಯಾರಾದರೂ ತರಿಸಿದ್ದೀರಾ?

ಹಳೇಪಾಠ (ಮೈಸೂರು, ನಿವೃತ್ತ ಜೀವಶಾಸ್ತ್ರ ಮೇಷ್ಟ್ರು)

ತರಿಸಬೇಡಿ. ನೀಲಿಗೆ ಬೇಕಾದ ಡೆಲ್ಫಿನಿಡಿನ್ ಅನ್ನುವ ಬಣ್ಣವನ್ನು ಗುಲಾಬಿ ತಾನಾಗಿ ತಯಾರಿಸುವುದಿಲ್ಲ. ಜಪಾನಿನ ಸನ್‌ಟೊರಿ ಕಂಪನಿ ಬೇರೆ ಹೂವಿನ ಜೀನ್ ಸೇರಿಸಿ 2004ರಲ್ಲಿ ಒಂದು ಗುಲಾಬಿಯನ್ನು ತೋರಿಸಿತು, 2009ರಲ್ಲಿ ‘ಅಪ್ಲಾಸ್’ ಹೆಸರಿನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಇಟ್ಟಿತು. ಅದನ್ನು ನೋಡಿದರೂ ನೀವು ತಿಳಿ ನೇರಳೆ ಅಂತೀರಿ, ನೀಲಿ ಅನ್ನಲಾರಿರಿ. ಜೊತೆಗೆ ಹೆಸರು ಪಡೆದ ಗುಲಾಬಿ ತಳಿಯನ್ನು ಬೀಜದಿಂದ ಯಾರೂ ಬೆಳೆಸುವುದಿಲ್ಲ, ಕಸಿ ಮಾಡಿ ಬೆಳೆಸುತ್ತಾರೆ. ಅಂಗಡಿಯ ಕಡು ನೀಲಿ ಆರ್ಕಿಡ್ ಕೂಡ ಹಾಗೆಯೇ. ಬಿಳಿ ಫೆಲನಾಪ್ಸಿಸ್ ಹೂಕಾಂಡಕ್ಕೆ ಬಣ್ಣ ಏರಿಸಿರುತ್ತಾರೆ, ಮುಂದಿನ ಹೂ ಬಿಳಿ.

ಕಳ್ಳಿಸಾಲು (ವಿಜಯಪುರ)

ಸರಿ ಸರ್. ಅಡೇನಿಯಂ ಬೀಜ?

ಗಿಣ್ಣು (ನರ್ಸರಿ ಕೆಲಸ, ಬೆಂಗಳೂರು)

ಬೀಜ ಹುಟ್ಟುತ್ತದೆ, ಬುಡವೂ ದಪ್ಪ ಚೆನ್ನಾಗಿ ಬರುತ್ತದೆ, ಆದರೆ ಪಾಕೆಟ್ ಮೇಲಿನ ಹೂವೇ ಬರುತ್ತದೆ ಅಂತ ಭರವಸೆ ಇಲ್ಲ. ಮೂರು ಸುತ್ತಿನ ದಳ, ಕಪ್ಪು ಕೆಂಪು ಬೇಕು ಅಂದರೆ ಕಸಿ ಗಿಡವನ್ನೇ ಹೂ ಇರುವಾಗ ಕೊಳ್ಳಿ. ಕಸಿಯ ಗಂಟಿನ ಕೆಳಗೆ ಚಿಗುರು ಬಂದರೆ ಮುರಿದು ಹಾಕಿ, ಇಲ್ಲದಿದ್ದರೆ ನಾಟಿ ಕೊಂಬೆ ಮೇಲಿನದನ್ನು ತಿಂದುಹಾಕುತ್ತದೆ. ಗುಲಾಬಿಗೂ ಇದೇ.

‘ಡ್ವಾರ್ಫ್’ ಅಂತ ಬರೆದಿದ್ದರೂ ಒಂದು ಪ್ರಶ್ನೆ ಕೇಳಿ. ಕುಂಡದ ಸೇವಂತಿಗೆ, ಪಾಯಿನ್ಸೆಟಿಯಾ ಎಷ್ಟೋ ಸಲ ಬೆಳವಣಿಗೆ ತಡೆಯುವ ಔಷಧಿ ಹೊಡೆಸಿಕೊಂಡು ಗಿಡ್ಡ ಇರುತ್ತವೆ. ಔಷಧಿ ಇಳಿದ ಮೇಲೆ ಮೊಣಕಾಲು ದಾಟಿ ಬೆಳೆಯುತ್ತವೆ. ನಮ್ಮ ಕಸುಬಿನವರು ಇದನ್ನು ಹೇಳುವುದಿಲ್ಲ, ನಾನು ಹೇಳಿದೆ ಅಂತ ಹೇಳಬೇಡಿ.

ಕಾಡಂಚು (ಚಾಮರಾಜನಗರ)

ಸ್ವಲ್ಪ ಬೇರೆ ದಿಕ್ಕಿನ ಮಾತು. ಲಂಟಾನ ಕೂಡ ಒಂದು ಕಾಲದಲ್ಲಿ ಅಪರೂಪದ ಅಲಂಕಾರಿಕ ಗಿಡವೇ. 1800ರ ಆಸುಪಾಸಿನಲ್ಲಿ ಬ್ರಿಟಿಷರು ತೋಟದ ಅಂದಕ್ಕೆ ತಂದರು. ಇವತ್ತು ಬಿಳಿಗಿರಿರಂಗನ ಬೆಟ್ಟ, ಬಂಡೀಪುರದಲ್ಲಿ ಅದರ ಕೆಳಗೆ ಹುಲ್ಲು ಹುಟ್ಟುವುದಿಲ್ಲ. ಕೆರೆ ಮುಚ್ಚುವ ಅಂತರಗಂಗೆಯೂ ಹೂವಿನ ಚೆಂದಕ್ಕೇ ಬಂದದ್ದು. ಹೊಸ ಗಿಡ ಬೀಜ ಉದುರಿಸುತ್ತದಾ, ತುಂಡು ಬಿದ್ದಲ್ಲಿ ಬೇರು ಬಿಡುತ್ತದಾ ಅಂತ ನೋಡಿ. ಬೇಡವಾದಾಗ ಕೆರೆಗೆ, ರಸ್ತೆ ಬದಿಗೆ ಎಸೆಯಬೇಡಿ.

ತುಂಬೆಹೂ (ಹುಬ್ಬಳ್ಳಿ)

ಪಾಪ, ಒಂದು ಮಾನ್‌ಸ್ಟೆರಾ ಕೇಳಿದವರಿಗೆ ಬಂಡೀಪುರದ ಪಾಪವನ್ನೂ ಹೊರಿಸಿಬಿಟ್ಟಿರಿ 😄

ಕಾವೇರಿಕಣಿವೆ (ಮಡಿಕೇರಿ)

ಅವರು ಹೇಳಿದ್ದು ತಪ್ಪಲ್ಲ. ನಮ್ಮ ಕಡೆ ರಸ್ತೆ ಬದಿಯಲ್ಲಿ ಸೀತಾಳೆ ದಂಡೆಯನ್ನು ಮರದಿಂದ ಕಿತ್ತು ತಂದು ಮಾರುತ್ತಾರೆ. ಪ್ರವಾಸಿಗರು ‘ಅಪರೂಪದ ಆರ್ಕಿಡ್’ ಅಂತ ತಗೊಂಡು ಹೋಗುತ್ತಾರೆ. ಬಯಲುಸೀಮೆಯ ಬಾಲ್ಕನಿಯಲ್ಲಿ ಅದು ಬಾಳುವುದು ಅಪರೂಪ. ಕಾಡಿನಿಂದ ಕಿತ್ತದ್ದು ಎಷ್ಟೇ ಅಗ್ಗ ಇದ್ದರೂ ಬೇಡ.

ಎಲೆಮರೆ (ಬೆಂಗಳೂರು)

ಅಪರೂಪವೂ ಇರಬೇಕು, ನಮ್ಮ ಹವೆಗೆ ಆಗಬೇಕು, ಅಗ್ಗವೂ ಇರಬೇಕು ಅಂದರೆ ಸುಗಂಧರಾಜ ನೋಡಿ. ‘ರಜತ ರೇಖಾ’, ‘ಸ್ವರ್ಣ ರೇಖಾ’ ಅಂತ ಎರಡು ತಳಿ ಇವೆ. ಲಖನೌದ ಎನ್‌ಬಿಆರ್‌ಐನವರು (ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆ) ಗಾಮಾ ಕಿರಣ ಹಾಯಿಸಿ ಪಡೆದದ್ದು. ಒಂದರ ಎಲೆಗೆ ಬೆಳ್ಳಿ ಗೆರೆ, ಇನ್ನೊಂದರ ಅಂಚಿಗೆ ಬಂಗಾರದ ಬಣ್ಣ. ಹೂ ಇಲ್ಲದಾಗಲೂ ಚೆಂದ, ಹೂ ಬಿಟ್ಟಾಗ ಘಮ. ಆಲ್ಬೋಗೆ ಘಮ ಇದೆಯಾ? ಹುಡುಕುವುದು ಮಾತ್ರ ಸ್ವಲ್ಪ ಕಷ್ಟ. ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ಬಂದಾಗ ಗೆಡ್ಡೆ ಮಾರುವವರನ್ನು ಕೇಳಿ.

ಮಹಡಿತೋಟ (ದಾವಣಗೆರೆ)

ಸುಗಂಧರಾಜ ಪಟ್ಟಿಗೆ ಸೇರಿಸಿದೆ. ‘ತಿಮ್ಮ’ನೂ ಸೇರಿದ. ಆದರೆ ಸುಳ್ಳು ಯಾಕೆ ಹೇಳಲಿ, ಮಾನ್‌ಸ್ಟೆರಾ ಮನಸ್ಸಿನಿಂದ ಹೋಗುತ್ತಿಲ್ಲ. ಬೇರೊಬ್ಬರ ಹತ್ತಿರ ಥಾಯ್ ಕಾನ್‌ಸ್ಟೆಲೇಷನ್ ಇದೆಯಂತೆ. ಮೂರು ಎಲೆ, ಬೇರು ಬಂದ ಗಿಡ, 1,800. ವಿಡಿಯೋ ಕರೆಯಲ್ಲಿ ಅದೇ ಗಿಡ ತೋರಿಸಿದರು, ಬುಡ ಅಲ್ಲಾಡಿಸಿಯೂ ತೋರಿಸಿದರು. ಮನೆಯವರು ಈ ಸಲ ನಗಲಿಲ್ಲ, “ನಮ್ಮ ನಾಯಿ ತಿಂದರೆ?” ಅಂತ ಮಾತ್ರ ಕೇಳಿದರು.

ಗಿಣ್ಣು (ನರ್ಸರಿ ಕೆಲಸ, ಬೆಂಗಳೂರು)

ಅದು ಸರಿಯಾದ ಪ್ರಶ್ನೆ. ಮಾನ್‌ಸ್ಟೆರಾ, ಡಿಫೆನ್‌ಬಾಕಿಯಾ, ಕೆಲಾಡಿಯಂ ಎಲ್ಲ ಕೆಸುವಿನ ಜಾತಿಯವು. ಅಗಿದರೆ ಬಾಯಿ, ಗಂಟಲು ಉರಿಯುತ್ತದೆ. ನಾಯಿಗೆ, ಚಿಕ್ಕ ಮಕ್ಕಳಿಗೆ ಎಟುಕದ ಹಾಗೆ ಎತ್ತರದಲ್ಲಿ ಇಡಿ.

1,800 ಪರವಾಗಿಲ್ಲ, ತಗೊಳ್ಳಿ. ಮಳೆ ಶುರುವಾದ ಮೇಲೆ ಕಳಿಸಲು ಹೇಳಿ. ಬಂದ ದಿನವೇ ಕುಂಡ ಬದಲಿಸಬೇಡಿ. ಎರಡು ಮೂರು ವಾರ ಬೇರೆ ಗಿಡಗಳಿಂದ ದೂರ ಇಟ್ಟು ಎಲೆಯ ಹಿಂಭಾಗ ನೋಡುತ್ತಿರಿ. ಆಮೇಲೆ ತೆಂಗಿನ ಚಿಪ್ಪಿನ ಚೂರು, ಕೊಕೊಪಿಟ್, ಸ್ವಲ್ಪ ಎರೆಗೊಬ್ಬರ ಹಾಕಿ ನೀರು ನಿಲ್ಲದ ಹಾಗೆ ನೆಡಿ. ಬಿಳಿ ಭಾಗ ನೇರ ಬಿಸಿಲಿಗೆ ಬೇಗ ಸುಡುತ್ತದೆ, ನೆಟ್ ಕೆಳಗೆ ಬೆಳಗಿನ ಬೆಳಕು ಸಾಕು. ಮಳೆನೀರು ಸಿಕ್ಕರೆ ಅದನ್ನೇ ಹಾಕಿ.

ಬಿಸಿಲೂರು (ರಾಯಚೂರು)

ಮತ್ತೆ ‘ತಿಮ್ಮ’ನ ಕಟಿಂಗ್ ಬೇಕಾದರೆ ಹೇಳಿ ತಂಗಿ, ಮಳೆಗಾಲದಲ್ಲಿ ಕೊಂಬೆ ಕತ್ತರಿಸುವಾಗ ಕಳಿಸುತ್ತೇನೆ. ಬಸ್ಸಿಗೆ ಹಾಕುವ ಖರ್ಚು ಮಾತ್ರ ನಿಮ್ಮದು.